ಅರುಂಧತಿ ಕಾಣದ ಮದುವೆ

ಕೋಳಿಗೆ ಹಲ್ಲಿದ್ದ ಕಾಲದಲ್ಲಿ (ಇತ್ತು, ನನಗೇ ಕಚ್ಚಿದೆ) ಥಳಥಳಪುರವೆಂಬ ರಾಜ್ಯವಿತ್ತು. ಅದಕ್ಕೆ ಜಗಮಗರಾಯ ರಾಜ. ಅವನಿಗೆ ಕುರಿಗಾಹಿಗಳ ದೊರೆಯ ಮಗಳು ನೀಲಾಂಬೆಯ ಮೇಲೆ ಪ್ರಾಣ. ಮದುವೆಯೂ ಗೊತ್ತಾಯಿತು. ಆದರೆ ಅವನು ಎದುರು ಕೂತು ಎಷ್ಟು ಮೀಸೆ ತಿರುವಿದರೂ ಹುಡುಗಿಯ ಕಣ್ಣು ಆಕಾಶದಲ್ಲೇ.

"ಅಲ್ಲೇನಿದೆ ಅಂಥಾದ್ದು?"

"ನಕ್ಷತ್ರ, ದೊರೆಗಳೇ. ಕುರಿಹಟ್ಟಿಯಲ್ಲಿ ಅವನ್ನು ನೋಡುತ್ತಲೇ ಬೆಳೆದವಳು ನಾನು."

ರಾಜನಿಗೆ ಹೊಟ್ಟೆಯುರಿ ಹತ್ತಿತು. ಮಾಂತ್ರಿಕ ಕಾಡಿಗಪ್ಪನನ್ನು ಕರೆಸಿದ.

"ಒಂದು ಚುಕ್ಕಿಯೂ ಅವಳ ಕಣ್ಣಿಗೆ ಬೀಳಬಾರದು!"

ಕಾಡಿಗಪ್ಪ ಕೋಟೆಯ ಮೇಲೆ ಗಾಜಿನ ಆನೆಯೊಂದನ್ನು ನಿಲ್ಲಿಸಿದ. ಆನೆ ಸೊಂಡಿಲೆತ್ತಿ ಬೆಳಕು ಚಿಮ್ಮಿತು. ಆಕಾಶ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು, ನಕ್ಷತ್ರಗಳೆಲ್ಲ ಮಾಯ. ಹಗಲೆಂದು ಗೂಬೆಗಳು ಮಲಗಿದವು. ಕೋಳಿಗಳು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವು.

"ಒಡೆಯಾ, ನೀವೇ ಊದಿದರೆ ಮಾತ್ರ ಇದು ಆರುತ್ತದೆ" ಎಂದ ಕಾಡಿಗಪ್ಪ.

"ನಾನ್ಯಾಕೆ ಊದಲಿ?" ಎಂದ ರಾಜ.

ಮದುವೆಯ ರಾತ್ರಿ ಬಂತು. ನೀಲಾಂಬೆ, "ಅರುಂಧತಿಯನ್ನು ತೋರಿಸಿ. ಅದನ್ನು ಕಾಣದೆ ನಮ್ಮವರು ತಾಳಿ ಕಟ್ಟಿಸಿಕೊಳ್ಳುವುದಿಲ್ಲ" ಎಂದಳು.

ಪುರೋಹಿತರು ಬೆರಳು ತೋರಿಸಿದರು. "ಅಗೋ! ಕಂಡಿತು ಅನ್ನಿ ತಾಯಿ."

"ಕಾಣಲಿಲ್ಲ."

"ಎಲ್ಲರೂ ಕಂಡಿತು ಅಂತಲೇ ಅನ್ನೋದು!"

ನಿಜ, ನನ್ನ ಮದುವೆಯಲ್ಲಿ ನಾನೂ ಅಂದಿದ್ದೆ. ಆಗ ನನ್ನ ಕಣ್ಣು ಹೋಳಿಗೆಯ ಮೇಲಿತ್ತು.

ಕಾಡಿಗಪ್ಪ ಮಂತ್ರ ಹಾಕಿ ಉಬ್ಬಿಸಿದ ಮಿಂಚುಹುಳವನ್ನು ಹಾರಿಸಿದ. "ಇಗೋ ಅರುಂಧತಿ!" ಬಾವಲಿಯೊಂದು ಬಂದು ಅರುಂಧತಿಯನ್ನು ನುಂಗಿಕೊಂಡು ಹೋಯಿತು.

ಕೊನೆಗೆ ರಾಜನೇ ಕಿರೀಟದ ವಜ್ರ ತೋರಿಸಿದ. "ನನ್ನನ್ನೇ ನೋಡು. ಆ ಚುಕ್ಕಿಗಿಂತ ನಾನೇನು ಕಡಿಮೆ?"

ನೀಲಾಂಬೆ ಹಾರ ತೆಗೆದಿಟ್ಟಳು. "ಇಷ್ಟು ವರ್ಷ ಒಬ್ಬಳೇ ನೋಡಿದ್ದೆ. ಇನ್ನು ನಿಮ್ಮ ಪಕ್ಕ ಕೂತು ತೋರಿಸಬೇಕು ಅಂತಿದ್ದೆ. ಬರುತ್ತೇನೆ."

ರಾಜ ಪಂಚೆ ಎತ್ತಿ ಕಟ್ಟಿ ಕೋಟೆಗೆ ಓಡಿದ. ಕೆನ್ನೆ ಉಬ್ಬಿಸಿ ಊದಿದ. ಆನೆ ಒಮ್ಮೆ ಬಿಕ್ಕಿ, ಫಟ್ಟನೆ ಒಡೆಯಿತು. ಅದರ ಜೊತೆಗೇ ಕಾಡಿಗಪ್ಪ ಒಂದು ಚಿಟಿಕೆ ಕಾಡಿಗೆಯಾಗಿ ಉದುರಿದ. ಅದನ್ನೇ ಮದುಮಗಳ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟರು.

ಕತ್ತಲು ಕವಿಯಿತು. ತಲೆಯ ಮೇಲೆ ನಕ್ಷತ್ರಗಳು ಕಿಕ್ಕಿರಿದವು. ನೀಲಾಂಬೆ ರಾಜನ ಬೆರಳು ಹಿಡಿದು ಎತ್ತಿದಳು. "ಸಪ್ತರ್ಷಿಗಳ ಬಾಲದ ನಡುವಿನವನು ವಸಿಷ್ಠ. ಅವನಿಗೆ ಅಂಟಿಕೊಂಡ ಪುಟ್ಟ ಚುಕ್ಕಿಯೇ ಅರುಂಧತಿ."

"ಕಂಡಿತು!" ಎಂದ ರಾಜ. ಥಳಥಳಪುರದ ಮದುವೆಗಳಲ್ಲಿ ಆ ಮಾತನ್ನು ನಿಜವಾಗಿ ಆಡಿದ್ದು ಅವನೊಬ್ಬನೇ.

ತಾಳಿ ಕಟ್ಟಿದ. ಗೂಬೆಗಳು ಎದ್ದವು, ಕೋಳಿಗಳು ಮಲಗಿದವು, ಊರೆಲ್ಲ ಸುಖವಾಗಿತ್ತು. ರಾಜನ ಹೊಟ್ಟೆಯುರಿ ಹೋಯಿತೇ? ಎಲ್ಲಿಯದು! "ಆ ವಸಿಷ್ಠನಿಗೆ ಬೇರೆ ಕೆಲಸವಿಲ್ಲವೇ? ಯಾವಾಗ ನೋಡಿದರೂ ಹೆಂಡತಿ ಪಕ್ಕವೇ!" ಎಂದು ಗೊಣಗುತ್ತ ಅವನು ದಿನವೂ ನೀಲಾಂಬೆಯ ಪಕ್ಕಕ್ಕೆ ಇನ್ನಷ್ಟು ಸರಿದು ಕೂರುತ್ತಿದ್ದ.