ಗಾಡಿ ಈಗ ನಿಮ್ದು

"ಹಾರ್ನ್?" ಬಾಗಿಲಲ್ಲೇ ನಿಂತು ಅಪ್ಪ ಕೇಳಿದ.

ಅಮ್ಮ ಪುಟ್ಟ ಮಗ ಸಾಸಿವೆಯ ಮೂಗು ಹಿಂಡಿದಳು.

"ಪೋಂಯ್!" ಎಂದ ಸಾಸಿವೆ.

"ಹಾರ್ನ್ ಓಕೆ. ಆದ್ರೆ ಬೆಳಗ್ಗೆಯಿಂದ ಸೋರ್ತಾ ಇದೆ. ಕರ್ಚೀಫು ಕಿಟಕಿ ಹತ್ರ ಇಟ್ಟಿದೀನಿ."

"ಲೈಟು?"

"ಬಚ್ಚಲುಮನೇದು ಮಿಣಮಿಣ ಅಂತಿದೆ. ಬೇರೆ ಬಲ್ಬ್ ಹಾಕ್ಬೇಕು."

"ಡೀಸೆಲ್?"

"ಅಡುಗೆ ಮಾಡಿ ಮುಚ್ಚಿಟ್ಟಿದೀನಿ. ಸಾಸಿವೆ ಹಾಲು ಕುಡಿದಾಗಿದೆ. ಕುಡಿದಿಲ್ಲ ಅಂತಾನೆ, ನಂಬ್ಬೇಡಿ."

"ಇಂಜಿನ್?"

ಈಗ ಎಲ್ಲರೂ ಸಾಸಿವೆಯ ಅಕ್ಕ ಬುಗುರಿಯ ಕಡೆ ತಿರುಗಿದರು. ಅಮ್ಮ ಅವಳ ಹಣೆಯ ಮೇಲೆ ಅಂಗೈ ಇಟ್ಟು, ಡಾಕ್ಟರ ಹಾಗೆ ಕಣ್ಣು ಮುಚ್ಚಿದಳು.

"ಇಂಜಿನ್ ಸ್ವಲ್ಪ ಬಿಸಿ ಇದೆ ರೀ. ಡ್ರಾಯಿಂಗ್ ಕ್ಲಾಸಲ್ಲಿ ಕುದುರೆ ಬರೆದ್ರೆ, ಟೀಚರು 'ನಾಯಿ ಚೆನ್ನಾಗಿದೆ' ಅಂದ್ರಂತೆ."

"ಛೇ ಛೇ! ಹಂಗಾದ್ರೆ ಇಂಜಿನ್‌ಗೆ ತಣ್ಣೀರು ಹಾಕ್ಬೇಕು," ಎಂದ ಅಪ್ಪ.

ಅಮ್ಮ ತನ್ನ ಹೆಗಲ ಮೇಲಿದ್ದ ಅಡುಗೆಮನೆಯ ಟವೆಲ್ ತೆಗೆದು ಅಪ್ಪನ ಹೆಗಲಿಗೆ ಹಾಕಿದಳು. "ಗಾಡಿ ಈಗ ನಿಮ್ದು!"

ಅಪ್ಪ ಸೆಲ್ಯೂಟ್ ಹೊಡೆದ. ಕೆಳಗೆ ಬ್ರೆಡ್ ಫ್ಯಾಕ್ಟರಿಯ ವ್ಯಾನು ಬಂದ ಸದ್ದಾಯಿತು. ಅಮ್ಮ ಚಪ್ಪಲಿ ಮೆಟ್ಟಿ ದಡದಡ ಮೆಟ್ಟಿಲಿಳಿದಳು. "ರೈಟ್, ರೈಟ್!" ಎಂದು ಕೂಗಿ ಬಾಗಿಲು ಬಡಿಯುವುದು ಬುಗುರಿಯ ಕೆಲಸ. ಬಡಿದಳು.

ಇದು ಅವರ ಮನೆಯಲ್ಲಿ ದಿನಾ ನಡೆಯುವ ಕತೆ. ಅಪ್ಪ ಸಿಟಿ ಬಸ್ಸಿನ ಡ್ರೈವರ್. ಕೋಳಿ ಕೂಗುವ ಮುಂಚೆ ಹೊರಟವನು, ಮಕ್ಕಳು ಶಾಲೆ ಬಿಟ್ಟು ಬಂದ ಮೇಲೆ ಮನೆ ಸೇರುತ್ತಾನೆ. ಅಮ್ಮನದು ಬ್ರೆಡ್ ಫ್ಯಾಕ್ಟರಿಯಲ್ಲಿ ಸಂಜೆಯ ಪಾಳಿ. ಅಪ್ಪ ಒಳಗೆ ಬಂದ, ಅಮ್ಮ ಹೊರಗೆ ಹೋದಳು. ನಾಲ್ಕು ಜನ ಒಟ್ಟಿಗೆ ಇರುವುದು ಒಂದು ಲೋಟ ಟೀ ಆರುವಷ್ಟು ಹೊತ್ತು, ಅಷ್ಟೇ. ಬಸ್ಸಿನಿಂದ ಒಬ್ಬ ಡ್ರೈವರ್ ಇಳಿದು ಇನ್ನೊಬ್ಬ ಹತ್ತುವಾಗ ಬ್ರೇಕು, ಲೈಟು, ಟೈರು, ಎಲ್ಲದರ ಸಮಾಚಾರ ಹೇಳಿಯೇ ಇಳಿಯಬೇಕಂತೆ. ಅದಕ್ಕೆ ಚಾರ್ಜ್ ಕೊಡುವುದು ಅಂತ ಹೆಸರು. ಅಪ್ಪ ಆ ಪದ್ಧತಿಯನ್ನು ಹಾಗೇ ಮನೆಗೂ ತಂದುಬಿಟ್ಟಿದ್ದ.

ಇಷ್ಟು ದಿನ ಇದನ್ನೆಲ್ಲ ನೋಡಲು ಹೊರಗಿನವರು ಯಾರೂ ಇರಲಿಲ್ಲ. ಇವತ್ತು ಇದ್ದಳು. ಚಾರ್ಟ್ ಮಾಡಲು ಬಂದಿದ್ದ ಬುಗುರಿಯ ಗೆಳತಿ ಉದ್ದಜಡೆ, ಬ್ರೆಡ್ಡಿನ ತುಂಡನ್ನು ಬಾಯಲ್ಲಿಟ್ಟುಕೊಂಡವಳು ಜಗಿಯುವುದನ್ನೇ ಮರೆತು ಕೂತಿದ್ದಳು.

"ನಿಮ್ಮನೇಲಿ ದಿನಾ ಹೀಗೇನಾ?" ಎಂದು ಕೇಳಿದಳು.

"ಹೂಂ. ಯಾಕೆ?" ಎಂದಳು ಬುಗುರಿ.

ಉದ್ದಜಡೆ ಗಬಕ್ಕನೆ ಬ್ರೆಡ್ ನುಂಗಿದಳು.

ಆದರೆ ಮರುದಿನ, ಶನಿವಾರ, ಬುಗುರಿ ಕ್ಲಾಸಿನೊಳಗೆ ಕಾಲಿಟ್ಟಿದ್ದೇ ತಡ, ಮೂಲೆಯಿಂದ ಯಾರೋ "ಪೋಂಯ್!" ಎಂದರು. ಇನ್ನೊಂದು ಮೂಲೆಯಿಂದ ಮತ್ತೊಂದು "ಪೋಂಯ್!" ಬಂತು. ಹಿಂದಿನ ಬೆಂಚಿನ ಲಂಬು ಎದ್ದು ನಿಂತು, "ದಾರಿ ಬಿಡ್ರೋ, ಇಂಜಿನ್ ಬಂತು!" ಎಂದ. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು.

ಬುಗುರಿಯ ಕಿವಿ ಕೆಂಪಾಯಿತು. ಉದ್ದಜಡೆ ಪಕ್ಕದಲ್ಲಿ ಜಾಗ ಇಟ್ಟುಕೊಂಡು ಕೈ ಬೀಸುತ್ತಿದ್ದಳು. ಬುಗುರಿ ಅವಳ ಕಡೆ ನೋಡದೆ ಹೋಗಿ ಬೇರೆ ಬೆಂಚಿನಲ್ಲಿ ಕೂತಳು. ಹೊಟ್ಟೆಬಾಕಿ, ನಮ್ಮನೆ ಬ್ರೆಡ್ ತಿಂದು ನಮ್ಮನೇನೇ ಆಡಿಕೊಂಡಳಲ್ಲ!

ಸಾಲದ್ದಕ್ಕೆ ಅವತ್ತೇ ಹೊಸ ಶೂ ಹಾಕಿಕೊಂಡು ಹೋಗಿದ್ದಳು. ಅದು ಹಿಮ್ಮಡಿಯನ್ನು ಕಚ್ಚತೊಡಗಿತ್ತು.

ಮನೆಗೆ ಬಂದವಳೇ ಬ್ಯಾಗನ್ನು ಮೂಲೆಗೆ ಎಸೆದಳು. ಅಪ್ಪ ಬಂದು ಬಾಗಿಲಲ್ಲಿ "ಹಾರ್ನ್?" ಅಂದನೋ ಇಲ್ಲವೋ, ಸಿಡಿದೆದ್ದಳು.

"ಸಾಕು ನಿಲ್ಸಿ ಇದನ್ನ! ನಾನೇನು ಇಂಜಿನ್ ಅಲ್ಲ. ಯಾರ ಮನೇಲೂ ಹೀಗೆ ಮಾಡಲ್ಲ. ಇನ್ಮೇಲೆ ನನ್ನ ವಿಷಯ ಯಾರೂ ಕೇಳೋದೂ ಬೇಡ, ಹೇಳೋದೂ ಬೇಡ!"

ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. ಪೋಂಯ್ ಅನ್ನಲು ಬಾಯಿ ತೆರೆದಿದ್ದ ಸಾಸಿವೆ ಹಾಗೇ ಮುಚ್ಚಿಕೊಂಡ.

"ಆಯ್ತು ಪುಟ್ಟಾ," ಎಂದಳು ಅಮ್ಮ. "ನಿಂಗೆ ಇಷ್ಟ ಇಲ್ಲ ಅಂದ್ರೆ ಬೇಡ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬುಗುರಿಗೆ ಜಗಳವಾಡಲು ಒಂದು ದಾರಿಯಾದರೂ ಇರುತ್ತಿತ್ತು.

ಆಮೇಲಿನ ದಿನಗಳಲ್ಲಿ ಅಪ್ಪ ಸುಮ್ಮನೆ ಒಳಗೆ ಬರುತ್ತಿದ್ದ. "ಎಲ್ಲಾ ಸರಿ ಇದೆಯಾ?" ಎನ್ನುತ್ತಿದ್ದ. "ಹೂಂ, ಸರಿ ಇದೆ," ಎಂದು ಅಮ್ಮ ಹೊರಡುತ್ತಿದ್ದಳು. ಎರಡು ಮಾತಿನಲ್ಲಿ ಮುಗಿಯಿತು. ಬೇರೆಯವರ ಮನೆಯ ಹಾಗೆ, ಮರ್ಯಾದಸ್ಥರ ಹಾಗೆ.

ಇದರಿಂದ ಲಾಭ ಆದದ್ದು ಸಾಸಿವೆಗೆ ಮಾತ್ರ. ಅವನು ಅಮ್ಮನ ಹತ್ತಿರ ಒಂದು ಸಲ, ಅಪ್ಪನ ಹತ್ತಿರ "ಅಮ್ಮ ಕೊಟ್ಟೇ ಇಲ್ಲ" ಎಂದು ಇನ್ನೊಂದು ಸಲ ಬಿಸ್ಕತ್ತು ವಸೂಲಿ ಮಾಡಿ, ರಾತ್ರಿ ಊಟ ಬೇಡ ಎಂದು ಹೊಟ್ಟೆ ಹಿಡಿದುಕೊಂಡು ಉರುಳಾಡಿದ. ಬಚ್ಚಲುಮನೆಯ ಬಲ್ಬು ಕೆಟ್ಟೇಹೋಯಿತು. ಸೋಪು ಎಂದುಕೊಂಡು ಅಪ್ಪ ಬಟ್ಟೆ ತೊಳೆಯುವ ಬ್ರಷ್ಷಿನಿಂದ ಮುಖ ಉಜ್ಜಿಕೊಂಡ. ಅಮ್ಮ ಒಂದು ದಿನ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡೇ ಫ್ಯಾಕ್ಟರಿಗೆ ಹೋಗಿ, ಗೇಟಿನ ವಾಚ್‌ಮನ್ ಎದುರು ನಗೆಪಾಟಲಾಗಿ ಬಂದಳು.

ಮಂಗಳವಾರ ನಸುಕಿನಲ್ಲಿ ಏನೋ ಸುಸ್ ಸುಸ್ ಎನ್ನುವ ಸದ್ದಿಗೆ ಬುಗುರಿಗೆ ಎಚ್ಚರವಾಯಿತು. ಎದ್ದು ನೋಡಿದರೆ ಅಪ್ಪ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದ. ಮೇಜಿನ ಮೇಲಿನ ಅಂಗಿಯಿಂದ ಮೋಡದಂತೆ ಆವಿ ಏಳುತ್ತಿತ್ತು.

"ಏನಪ್ಪಾ ಇದು?"

"ಶ್! ಅಮ್ಮ ಮಲಗಿದಾಳೆ," ಎಂದು ಅಪ್ಪ ಪಿಸುಗುಟ್ಟಿದ. "ಯೂನಿಫಾರ್ಮ್ ಬಕೆಟ್ಟಲ್ಲಿ ನೆನೀತಾ ಇತ್ತು. ಇನ್ನೊಂದರ ಮೇಲೆ ನಿನ್ನ ತಮ್ಮ ನಿನ್ನೆ ಟೀ ಚೆಲ್ಲಿದ. ಈಗ ಇದನ್ನೇ ಒಣಗಿಸಿ ಹಾಕ್ಕೋಬೇಕು."

"ಅಮ್ಮ ಹೇಳ್ಲಿಲ್ವಾ?"

"ಎಲ್ಲಾ ಸರಿ ಇದೆಯಾ ಅಂದೆ, ಸರಿ ಇದೆ ಅಂದಳು. ಅಂಗಿ ಅಂತ ನಾನೂ ಕೇಳ್ಲಿಲ್ಲ, ಅವಳೂ ಹೇಳ್ಲಿಲ್ಲ." ಅಪ್ಪ ಅರೆಹಸಿ ಅಂಗಿಯನ್ನೇ ತೊಟ್ಟುಕೊಂಡ. ಬೆನ್ನಿಗೆ ತಣ್ಣಗೆ ತಗುಲಿರಬೇಕು, "ಹಾ ಹಾ ಹಾ!" ಎಂದು ಕುಣಿದ.

ಬುಗುರಿಗೆ ನಗು ಬಂತು. "ಅಪ್ಪಾ, ನನ್ನ ಹಿಮ್ಮಡೀಲಿ ಬೊಬ್ಬೆ ಬಂದಿದೆ" ಎಂದು ಹೇಳಬೇಕು ಅನ್ನಿಸಿತು. ಶನಿವಾರ ಎದ್ದ ಬೊಬ್ಬೆ ಅದು, ಈಗ ಒಡೆದು ಉರಿಯುತ್ತಿತ್ತು. ಆದರೆ ಯಾರೂ ಕೇಳಬೇಡಿ ಎಂದವಳು ತಾನೇ ಅಲ್ಲವೇ? ಈಗ ಯಾವ ಬಾಯಿಯಿಂದ ಹೇಳುವುದು? ಸುಮ್ಮನೆ ಹೋಗಿ ಮಲಗಿದಳು.

ಅವತ್ತು ಶಾಲೆಯಲ್ಲಿ ಊಟದ ಬಿಡುವಿಗೆ ಎಲ್ಲರೂ ಮೈದಾನಕ್ಕೆ ಓಡಿದರು. ಬುಗುರಿ ಶೂ ಸಡಿಲಿಸಿಕೊಂಡು ಬೆಂಚಿನಲ್ಲೇ ಉಳಿದಳು. ಉದ್ದಜಡೆ ಮೆಲ್ಲಗೆ ಬಂದು ಎದುರಿಗೆ ನಿಂತಳು. ಅವಳ ಜಡೆಯ ತುದಿ ಬಾಯಲ್ಲಿತ್ತು. ಹೆದರಿದಾಗ ಅದನ್ನು ಕಚ್ಚುವುದು ಅವಳ ಅಭ್ಯಾಸ.

"ನನ್ನ ಮೇಲೆ ಸಿಟ್ಟಾ?"

"ಮತ್ತೇನು, ಖುಷಿ ಆಗ್ಬೇಕಾ? ನಮ್ಮನೆ ವಿಷಯ ಊರಿಗೆಲ್ಲ ಡಂಗುರ ಹೊಡೆದೆ. ಎಲ್ರೂ ನಕ್ಕರು."

"ಅಯ್ಯೋ, ನಗ್ಲಿ ಅಂತಾನೇ ಹೇಳಿದ್ದು ಕಣೇ! ಚೆನ್ನಾಗಿತ್ತು ಅಂತ ಹೇಳಿದ್ದು!" ಉದ್ದಜಡೆ ಪಕ್ಕದಲ್ಲಿ ಕುಸಿದು ಕೂತಳು. "ನಮ್ಮನೇಲೂ ಶುರು ಮಾಡಿದೀವಿ, ಗೊತ್ತಾ? ಆದ್ರೆ ಗಾಡಿ ಸರಿಯಾಗಿ ಓಡ್ತಾನೇ ಇಲ್ಲ."

"ಹಾಂ?"

"ನಮ್ಮನೇಲಿ ತಾತನೇ ಹಾರ್ನು. ಮೂಗು ಹಿಂಡಿದ್ರೆ ಪೋಂಯ್ ಅನ್ನಲ್ಲ, ಅಕ್ಷೀ ಅಂತ ಸೀನ್ತಾರೆ. ಇಂಜಿನ್ ಹೇಗಿದೆ ಅಂತ ಅಪ್ಪ ಕೇಳಿದ್ರೆ, ಅಮ್ಮ 'ಹೋಂವರ್ಕ್ ಮಾಡಿಲ್ಲ' ಅಂತ ಅಷ್ಟೇ ಹೇಳ್ತಾರೆ. ನಿಮ್ಮಮ್ಮ ಹಣೆ ಮೇಲೆ ಕೈ ಇಟ್ಟು ಕುದುರೆ ನಾಯಿ ಎಲ್ಲಾ ಹೇಳಿದ್ರಲ್ಲ, ಅದನ್ನ ಹೇಗೆ ಮಾಡೋದು? ಲಂಬು ಕೂಡ ಮನೇಲಿ ಅಕ್ಕನ ಮೂಗು ಹಿಂಡೋಕೆ ಹೋಗಿ ಏಟು ತಿಂದನಂತೆ. ಇವತ್ತು ಸಂಜೆ ಬಂದು ಇನ್ನೊಂದ್ಸಲ ನೋಡ್ಲಾ?"

"ಇವತ್ತು ಆಗಲ್ಲ," ಎಂದಳು ಬುಗುರಿ. "ಗಾಡಿ... ರಿಪೇರಿಗೆ ಹೋಗಿದೆ."

"ಅಯ್ಯಯ್ಯೋ! ಯಾವಾಗ ಬರುತ್ತೆ?"

ಉದ್ದಜಡೆ ನಿಜವಾಗಿಯೂ ಗಾಬರಿಯಾಗಿದ್ದಳು. ಬುಗುರಿ ತಲೆ ತಗ್ಗಿಸಿ ಶೂ ಲೇಸು ಕಟ್ಟತೊಡಗಿದಳು. ಕಟ್ಟಿದ್ದನ್ನೇ ಮತ್ತೆ ಬಿಚ್ಚಿ ಕಟ್ಟಿದಳು.

ಸಂಜೆ ಬೆಲ್ ಹೊಡೆದಾಗ ಅವಳಿಗೆ ಒಂದೇ ಯೋಚನೆ. ಅಪ್ಪ ಬರುವುದರೊಳಗೆ ಮನೆ ಸೇರಬೇಕು, ಅಮ್ಮ ಹೊರಡುವ ಮುಂಚೆ ಹೇಳಬೇಕು. ಇವತ್ತು ತಪ್ಪಿದರೆ ನಾಳೆಗೆ ಧೈರ್ಯ ಇರುತ್ತದೋ ಇಲ್ಲವೋ! ಆದರೆ ಕಾಲು ಮಾತು ಕೇಳಬೇಕಲ್ಲ. ನಾಲ್ಕು ಹೆಜ್ಜೆ ಕುಂಟಿ, ಗೋಡೆ ಹಿಡಿದು ನಿಂತು, ಮತ್ತೆ ನಾಲ್ಕು ಹೆಜ್ಜೆ ಕುಂಟುವಷ್ಟರಲ್ಲಿ ಹೊತ್ತು ಜಾರಿಯೇಹೋಯಿತು.

ಬೀದಿಯ ತಿರುವಿಗೆ ಬಂದಾಗ ಫ್ಯಾಕ್ಟರಿಯ ವ್ಯಾನು ಮನೆಯ ಮುಂದೆ ನಿಂತಾಗಿತ್ತು. ಅಮ್ಮ ಮೆಟ್ಟಿಲಿಳಿದು ಅದರ ಕಡೆ ನಡೆಯುತ್ತಿದ್ದಳು.

ಬುಗುರಿ ಎರಡೂ ಶೂ ಕಿತ್ತು ಕೈಯಲ್ಲಿ ಹಿಡಿದಳು. ಬರೀ ಸಾಕ್ಸಿನಲ್ಲಿ ಓಡಿದಳು ನೋಡಿ! ಹಣ್ಣಿನಂಗಡಿಯವನು ಬುಟ್ಟಿ ಹಿಂದಕ್ಕೆ ಎಳೆದುಕೊಂಡ. ಸೈಕಲ್ಲಿನವನೊಬ್ಬ ಬ್ರೇಕು ಹಾಕಿದ.

"ಅಮ್ಮಾ! ನಿಲ್ಲು! ಚಾರ್ಜ್ ಕೊಟ್ಟಿಲ್ಲ!"

ಅಮ್ಮ ವ್ಯಾನಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಹಾಗೇ ತಿರುಗಿದಳು. ವ್ಯಾನಿನ ಕಿಟಕಿಗಳಿಂದ ಅವಳ ಜೊತೆಯವರ ತಲೆಗಳೆಲ್ಲ ಹೊರಗೆ ಬಂದವು. ಮೇಲೆ ಬಾಲ್ಕನಿಯಲ್ಲಿ ಅಪ್ಪ ಸಾಸಿವೆಯನ್ನು ಎತ್ತಿಕೊಂಡು ನಿಂತಿದ್ದ. ಬೀದಿಗೆ ಬೀದಿಯೇ ನೋಡುತ್ತಿತ್ತು. ಬುಗುರಿಯ ಕಿವಿ ಮತ್ತೆ ಕೆಂಪಾಯಿತು. ಆಗಲಿ, ಏನು ಬೇಕಾದರೂ ಆಗಲಿ.

"ಅಪ್ಪಾ, ಕೇಳು!"

"ಏನು ಕೇಳ್ಲಿ?"

"ಎಲ್ಲಾ! ಮೊದಲಿಂದ!"

ಅಪ್ಪನಿಗೆ ಅರ್ಥವಾಯಿತು. ಬಾಲ್ಕನಿಯಿಂದ ಬಗ್ಗಿ, ಬಸ್ ಸ್ಟ್ಯಾಂಡಿಗೆ ಕೇಳಿಸುವ ಹಾಗೆ ಕೂಗಿದ. "ಹಾರ್ನ್?"

ಯಾರೂ ಹಿಂಡುವ ಮೊದಲೇ ಸಾಸಿವೆ ತನ್ನ ಮೂಗನ್ನು ತಾನೇ ಹಿಂಡಿಕೊಂಡ. "ಪೋಂಯ್!" ಪಾಪ, ನಾಲ್ಕು ದಿನದ್ದು ಕೂಡಿಟ್ಟುಕೊಂಡಿದ್ದನೋ ಏನೋ, "ಪೋಂಯ್! ಪೋಂಯ್! ಪೋಂಯ್!"

"ಡೀಸೆಲ್?"

"ಅಡುಗೆ ಆಗಿದೆ!" ಅಮ್ಮ ಕೂಗಿದಳು. "ಬಿಸ್ಕತ್ತು ಆಗಿದೆ! ಅವನಿಗೆ ಇನ್ನೊಂದು ಕೊಟ್ಟೀರ ಮತ್ತೆ! ನಿಮ್ಮ ಅಂಗಿ ತಂತಿ ಮೇಲಿದೆ, ಮಡಚಿಟ್ಕೊಳ್ಳಿ!"

"ಇಂಜಿನ್?"

ಅಮ್ಮ ಬುಗುರಿಯ ಹಣೆಯ ಮೇಲೆ ಅಂಗೈ ಇಟ್ಟಳು. ಬ್ರೆಡ್ಡಿನ ವಾಸನೆಯ ಕೈ. ಕಣ್ಣು ಮುಚ್ಚಿದಳು. ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ, ಬುಗುರಿ ಏನೂ ಹೇಳಿರಲಿಲ್ಲವಲ್ಲ.

"ಹಿಂದಿನ ಚಕ್ರ ಪಂಕ್ಚರ್ ಆಗಿದೆ ಅಮ್ಮಾ," ಎಂದಳು ಬುಗುರಿ ಸಣ್ಣ ದನಿಯಲ್ಲಿ, ಹಿಮ್ಮಡಿ ಎತ್ತಿ ತೋರಿಸಿ.

ಅಮ್ಮ ಬಗ್ಗಿ ನೋಡಿದಳು. ಸಾಕ್ಸಿನ ಮೇಲೆ ಕೆಂಪು ಕಲೆಯಿತ್ತು. "ಅಯ್ಯೋ ನನ್ನ ಕಂದಾ! ಯಾವಾಗಿಂದ?"

"ಶನಿವಾರದಿಂದ."

"ಹೇಳ್ಬಾರ್ದಿತ್ತಾ?"

"ಇಂಜಿನ್ ಅಂತ ಯಾರೂ ಕೇಳ್ಲೇ ಇಲ್ಲ."

"ಕೇಳ್ಬೇಡಿ ಅಂದ ಮಹಾರಾಣಿ ಯಾರು?" ಎಂದು ಅಮ್ಮ ಗದರಿದಳು. ಆದರೆ ಅವಳ ಕಣ್ಣಲ್ಲಿ ನೀರೂ ಇತ್ತು, ನಗುವೂ ಇತ್ತು.

ವ್ಯಾನಿನ ಡ್ರೈವರ್ ತಾನೂ ಒಂದು ಹಾರ್ನ್ ಹೊಡೆದ. ಹೊತ್ತಾಯಿತು ಎಂದು ಅದರ ಅರ್ಥ. ಅಮ್ಮ ಹೆಗಲು ಮುಟ್ಟಿ ನೋಡಿಕೊಂಡಳು. ಇವತ್ತೂ ಟವೆಲ್ ಅಲ್ಲೇ ಇತ್ತು! ಅದನ್ನು ತೆಗೆದು ಬುಗುರಿಯ ಹೆಗಲಿಗೆ ಹಾಕಿದಳು.

"ಇದನ್ನ ಅಪ್ಪಂಗೆ ಕೊಡು. ರೀ! ಬಲಗಡೆ ಹಿಂದಿನ ಚಕ್ರ ಪಂಕ್ಚರ್! ಬಿಸಿನೀರಲ್ಲಿ ತೊಳೆದು ಮುಲಾಮು ಹಚ್ಚಿ! ಗಾಡಿ ಈಗ ನಿಮ್ದು!"

ಅಪ್ಪ ಮೇಲಿನಿಂದ ಸೆಲ್ಯೂಟ್ ಹೊಡೆದ. ಬುಗುರಿ ವ್ಯಾನಿನ ಬೆನ್ನಿಗೆ ದಬ ದಬ ಬಡಿದಳು. "ರೈಟ್, ರೈಟ್!" ವ್ಯಾನು ನಿಜವಾಗಿಯೂ ಹೊರಟಿತು. ಒಳಗಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದುದು ತಿರುವಿನವರೆಗೂ ಕೇಳಿಸಿತು.

ಟವೆಲ್ ಹೊತ್ತು ಬುಗುರಿ ನಿಧಾನವಾಗಿ ಮೆಟ್ಟಿಲು ಹತ್ತಿದಳು. ಹತ್ತುತ್ತಾ ತನ್ನ ಹಣೆಯ ಮೇಲೆ ತಾನೇ ಅಂಗೈ ಇಟ್ಟುಕೊಂಡು ನೋಡಿದಳು. ಬೆವರು ಬಿಟ್ಟರೆ ಇನ್ನೇನೂ ತಿಳಿಯಲಿಲ್ಲ. ಹಾಗಾದರೆ ಆ ಕುದುರೆಯ ವಿಷಯ ಅಮ್ಮನ ಕೈಗೆ ತಿಳಿದದ್ದಲ್ಲ. ಅವತ್ತು ಅಮ್ಮ ಅಡುಗೆ ಮಾಡುತ್ತಿದ್ದಾಗ ತಾನೇ ಹಿಂದೆ ಮುಂದೆ ಓಡಾಡಿಕೊಂಡು ಹೇಳಿದ್ದು. ಒಲೆಯ ಮುಂದೆ, ಆ ಗಡಿಬಿಡಿಯಲ್ಲಿ, ಅಮ್ಮ ಅದನ್ನು ಕೇಳಿಸಿಕೊಂಡಿದ್ದಳು. ಅಪ್ಪ ಬರುವವರೆಗೂ ಮರೆಯದೆ ಇಟ್ಟುಕೊಂಡಿದ್ದಳು.

ಬಾಗಿಲಲ್ಲಿ ಅಪ್ಪ ಬಿಸಿನೀರಿನ ಬೋಗುಣಿ ಹಿಡಿದು ಕಾಯುತ್ತಿದ್ದ. ಬುಗುರಿ ಟವೆಲ್ಲನ್ನು ಅವನ ಹೆಗಲಿಗೆ ಹಾಕಿ, ಹೊಸ್ತಿಲ ಮೇಲೆ ಕೂತು, ಕಾಲು ಮುಂದೆ ಚಾಚಿದಳು.

"ಚಕ್ರ ಆಮೇಲೆ," ಎಂದ ಅಪ್ಪ. "ಮೊದಲು ಹೇಳು, ಇಂಜಿನ್ ಹೇಗಿದೆ?"

"ತುಂಬಾ ಇದೆ ಅಪ್ಪಾ. ನಿನ್ನ ಟೀ ಆರಿಹೋಗುತ್ತೆ."

"ಆರ್ಲಿ ಬಿಡು."

ಸಾಸಿವೆ ಓಡಿ ಬಂದು ಅವಳಿಗೆ ಒತ್ತಿಕೊಂಡು ಕೂತ. ಬುಗುರಿ ಶನಿವಾರದಿಂದ ಶುರು ಮಾಡಿದಳು.