ಕೆಂಪು ಬೆಳಕಿನಲ್ಲಿ ಕಂಡದ್ದು

ಇದನ್ನು ಹೇಳಿದರೆ ನನ್ನ ಮಕ್ಕಳು ನಗುತ್ತಾರೆ, ನಗಲಿ. ಎಂಬತ್ನಾಲ್ಕರಲ್ಲಿ ನಾವು ಪರದೇಶದಲ್ಲಿ, ಎವರ್‌ಗ್ರೀನ್ ಎಂಬ ಗುಡ್ಡದ ಮೇಲೆ ಹವ್ಯಾಸಕ್ಕೆಂದು ಕುರಿ ಸಾಕಿದ್ದೆವು. ತೋಳದಂಥ ಕಯೋಟಿಗಳು ಮರಿಗಳನ್ನು ಹೊತ್ತೊಯ್ಯುತ್ತಿದ್ದವು. ಬೇಟೆಗೆ ಯಾವ ಬೆಳಕು ಒಳ್ಳೆಯದೆಂದು ನೋಡಲು ನನ್ನ ಗಂಡ ರಘೋತ್ತಮ ಒಂದು ಸಂಜೆ, ಕತ್ತಲಾಗುತ್ತಲೇ, ಬಿಳಿ ಟಾರ್ಚು ಕೆಂಪು ಟಾರ್ಚು ಎರಡನ್ನೂ ತಂದರು.

“ವಸುಧಾ, ಆ ಮೂಗುತಿ ತೆಗಿ. ಅದು ಹೊಳೆದ್ರೆ ಕಯೋಟಿ ಹತ್ರ ಬರಲ್ಲ.”

ಮುತ್ತೈದೆ ಮೂಗುತಿ ತೆಗೆಯಬಾರದು. ಆದರೂ ತೆಗೆದು, ಮುಷ್ಟಿಯಲ್ಲಿ ಹಿಡಿದು ಅವರ ಬೆನ್ನ ಹಿಂದೆ ನಿಂತೆ. ಬಿಳಿ ಬೆಳಕಿಗೆ ಬರೀ ಬೇಲಿ ಕಂಡಿತು. ಅವರು ಕೆಂಪು ಹಾಕಿದರು. ಕುರಿಗಳೆಲ್ಲ ಒಮ್ಮೆಲೇ ಬೇಲಿಯತ್ತ ತಿರುಗಿದವು.

“ತೆಗಿ ಅಂದ್ನಲ್ಲ! ಬೇಲಿ ಹತ್ರ ಯಾಕೆ ಹೋದೆ?” ಎಂದು ಅವರು ಆ ಕಡೆಗೆ ಕೂಗಿದರು.

“ರೀ, ನಾನು ಇಲ್ಲೇ ಇದೀನಿ,” ಎಂದೆ. ಮುಷ್ಟಿಯೊಳಗೆ ಮೂಗುತಿ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಬೇಲಿಯ ಬಳಿ, ನನ್ನ ಮುಖದ ಎತ್ತರದಲ್ಲಿ, ಒಂದೇ ಒಂದು ಚುಕ್ಕಿ ಹೊಳೆಯುತ್ತಿತ್ತು.

ಆಮೇಲೆ ಒಂದು ಮರಿಯೂ ಕಳೆದುಹೋಗಲಿಲ್ಲ. ನನ್ನ ಮೂಗುತಿಯ ಹರಳು ಅಸಲಿ ವಜ್ರವೇ ಎಂದು ಮೈಸೂರಿನ ಅಕ್ಕಸಾಲಿ ಆಣೆ ಮಾಡುತ್ತಾನೆ. ಆದರೆ ಆ ರಾತ್ರಿಯಿಂದ ಇಂದಿನವರೆಗೆ, ಯಾವ ಬೆಳಕು ಹಿಡಿದರೂ ಅದು ಹೊಳೆಯುವುದಿಲ್ಲ.