ಬೆಂಡು ಮುಳುಗಬೇಕು

"ಕೆಳಗೆ ನೋಡೋ ಪೆದ್ದ! ಮೂಗಿನ ನೇರಕ್ಕೇ ಬಿದ್ದಿದೆ, ಕಾಣಲ್ವಾ?"

ಚೂಟಿ ತೊಟ್ಟಿಯ ಅಂಚಿಗೆ ಹೊಟ್ಟೆ ಆನಿಸಿ ಪಿಸುಗುಟ್ಟಿದಳು. ತೊಟ್ಟಿಯ ತಳದಲ್ಲಿ ಮೀನಿನ ತುಂಡು ಬಿದ್ದಿತ್ತು. ಮೇಲೆ ಬೆಂಡು ಒದ್ದಾಡುತ್ತಿದ್ದ. ಮುಂದಿನ ಎರಡು ಈಜುಕಾಲುಗಳನ್ನು ಪಟಪಟ ಬಡಿದು, ತಲೆ ಕೆಳಗೆ ಮಾಡಿ, ಅರ್ಧ ದಾರಿ ಇಳಿದ. ಅಷ್ಟರಲ್ಲಿ ಹಿಂಭಾಗ ಮೇಲಕ್ಕೆದ್ದು, ಇಡೀ ಆಮೆ ಬುಳುಕ್ಕನೆ ವಾಪಸ್ ಬಂತು.

ಬೆಂಡು ಒಂದು ಕಡಲಾಮೆ. ದೋಣಿಯೊಂದು ಬಡಿದು ಅವನ ಚಿಪ್ಪು ಬಿರಿದು, ಒಳಗೆ ಗಾಳಿ ಸೇರಿಕೊಂಡಿತ್ತು. ಗಾಳಿ ಸೇರಿದ ಆಮೆ ಎಷ್ಟು ತಿಪ್ಪರಲಾಗ ಹಾಕಿದರೂ ಮುಳುಗಲಾರದು. ಅದಕ್ಕೇ ಆಮೆ ಆಸ್ಪತ್ರೆಯವರು ಔಷಧಿ ಕೊಟ್ಟು, ಅವನ ಬೆನ್ನಿನ ಹಿಂಭಾಗಕ್ಕೆ ತೂಕದ ಬಿಲ್ಲೆಗಳನ್ನು ಅಂಟಿಸಿದ್ದರು. ಅವನು ತಳಕ್ಕೆ ಹೋಗಿ ತಿನ್ನಲು ಕಲಿತ ಹಾಗೆಲ್ಲ ಒಂದೊಂದೇ ಬಿಲ್ಲೆ ತೆಗೆಯಬೇಕು. ಎಲ್ಲ ಬಿಲ್ಲೆ ಹೋದ ಮೇಲೆ ಸಮುದ್ರ.

ಮುಳುಗದೆ ತೇಲುತ್ತಿದ್ದವನಿಗೆ ಬೆಂಡು ಎಂದು ಹೆಸರಿಟ್ಟವಳು ಚೂಟಿಯ ಅಜ್ಜಿ. "ಇಷ್ಟು ಚಿಕ್ಕ ಆಮೇನ ನೋಡಿ ಗಂಡೋ ಹೆಣ್ಣೋ ಹೇಳಕ್ಕಾಗಲ್ಲ" ಎಂದು ಡಾಕ್ಟರು ಹೇಳಿದ್ದರು. "ಕರೆದ್ರೆ ಬರಲ್ಲ, ಊಟ ಇಟ್ರೆ ಮಾತ್ರ ಬರ್ತಾನೆ. ಗಂಡೇ!" ಎಂದು ಅಜ್ಜಿ ತೀರ್ಪು ಕೊಟ್ಟುಬಿಟ್ಟಳು.

ಅಜ್ಜಿ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ರಿಟೈರ್ ಆದ ಮೇಲೆ ಕಾಲು ಚಾಚಿ ಕೂರುವುದು ಬಿಟ್ಟು, ಬೇರೆ ದೇಶದ ಆಮೆ ಆಸ್ಪತ್ರೆಯಲ್ಲಿ ಸಂಬಳವಿಲ್ಲದ ಕೆಲಸಕ್ಕೆ ಹೊರಟು ನಿಂತಿದ್ದಳು. "ಈ ವಯಸ್ಸಲ್ಲಿ ನಿಂಗೆ ಆಮೆ ಯಾಕಮ್ಮ?" ಎಂದು ಚೂಟಿಯ ಅಪ್ಪ ಕೇಳಿದರೆ, "ಇಷ್ಟು ವರ್ಷ ಓಡೋ ಮಕ್ಕಳ ಹಿಂದೆ ಓಡಿ ಸಾಕಾಗಿದೆ. ಇನ್ನು ನಿಧಾನಕ್ಕೆ ಹೋಗೋರ ಜೊತೆ ಇರ್ತೀನಿ" ಎಂದಿದ್ದಳು. ಶಾಲೆಗೆ ದೊಡ್ಡ ರಜೆ ಬಂದದ್ದೇ ಚೂಟಿಯೂ ಹಟ ಹಿಡಿದು ಬಾಲದ ಹಾಗೆ ಹಿಂದೆ ಬಂದಿದ್ದಳು.

ಇಲ್ಲಿ ಅಜ್ಜಿಯ ವೇಷವೇ ಬೇರೆ. ಮೊಣಕಾಲಿನವರೆಗೆ ಗಂಬೂಟು, ಮೈತುಂಬ ಮೀನಿನ ವಾಸನೆ, ಕೊರಳಲ್ಲಿ ಹಳೆಯ ಸೀಟಿ. ಸೀಟಿ ಊದುವಂತಿರಲಿಲ್ಲ, ರೋಗಿಗಳಿಗೆ ಗಾಬರಿಯಾಗುತ್ತದೆ. ಆದರೂ ಅದಿಲ್ಲದೆ ಅಜ್ಜಿಗೆ ಕತ್ತು ಬೋಳು ಬೋಳು ಅನ್ನಿಸುತ್ತಿತ್ತಂತೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಇಲ್ಲಿ ಕೆಸರು ಅಜ್ಜಿಯ ಕೈಗೆ, ಮೊಸರು ಆಮೆಯ ಬಾಯಿಗೆ.

ಬೆಂಡುವಿನ ಊಟಕ್ಕೊಂದು ನಿಯಮವಿತ್ತು. ಉದ್ದನೆಯ ಇಕ್ಕಳದಲ್ಲಿ ಮೀನು ಹಿಡಿದು ತಳಕ್ಕೆ ಇಡಬೇಕು. ಆಮೇಲೆ ಹಿಂದೆ ಸರಿಯಬೇಕು. ತಿನ್ನದಿದ್ದರೆ ಬಲೆ ಹಾಕಿ ತೆಗೆದುಬಿಡಬೇಕು. ಮೇಲಿನಿಂದ ಮಾತ್ರ ಏನೂ ಕೊಡಬಾರದು, ಒಂದು ಚೂರನ್ನೂ.

ಬೆಂಡು ಮತ್ತೆ ಮೇಲೆ ಬಂದು "ಫೂ" ಎಂದು ಉಸಿರು ಬಿಟ್ಟ. ಚೂಟಿಯ ಕಡೆ ನೋಡಿ ಬಾಯಿ ತೆರೆದ.

ಚೂಟಿಗೆ ತಡೆಯಲಾಗಲಿಲ್ಲ. ಆಚೆ ತಿರುಗಿ ನೋಡಿದಳು. ಅಜ್ಜಿ ಪಕ್ಕದ ಖಾಲಿ ತೊಟ್ಟಿಯೊಳಗೆ ಇಳಿದು ಪಾಚಿ ಉಜ್ಜುತ್ತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಚೂಟಿ ಇಕ್ಕಳ ಇಳಿಸಿ, ತುಂಡನ್ನು ಎತ್ತಿ, ನೀರಿನ ಮೇಲೇ ಹಿಡಿದಳು.

ಗಬಕ್!

"ತಿಂದನಾ?" ಅಜ್ಜಿ ಆ ಕಡೆಯಿಂದ ಕೂಗಿದಳು.

"ತಿಂದ!"

"ಶಭಾಷ್!"

ತಿಂದದ್ದಂತೂ ನಿಜ. ಎಲ್ಲಿ ತಿಂದ ಎಂದು ಅಜ್ಜಿ ಕೇಳಲಿಲ್ಲ. ಚೂಟಿ ಹೇಳಲೂ ಇಲ್ಲ.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಚೂಟಿಯ ಹಳದಿ ಟೋಪಿ ಕಂಡರೆ ಸಾಕು, ಬೆಂಡು ಬಾಯಿ ತೆರೆದುಕೊಂಡು ಅಂಚಿಗೆ ಬರತೊಡಗಿದ. ಈಗ ತಲೆ ಕೆಳಗೆ ಮಾಡುವ ಗೋಜಿಗೇ ಹೋಗುತ್ತಿರಲಿಲ್ಲ. "ನನ್ನ ಗುರುತು ಹಿಡೀತಾನೆ!" ಎಂದು ಚೂಟಿಗೆ ಒಳಗೊಳಗೇ ಹಿಗ್ಗು. ಅತ್ತ ಬೆನ್ನಿನ ಬಿಲ್ಲೆಗಳು ಒಂದೊಂದಾಗಿ ಹೋದವು.

ಒಂದು ಬೆಳಿಗ್ಗೆ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಕ್ಕರು.

"ಗಾಳಿ ಪೂರ್ತಿ ಹೋಗಿದೆ. ಊಟಾನೂ ತಳದಲ್ಲೇ ಮಾಡ್ತಿದಾನೆ. ಈ ಶನಿವಾರ ಸಮುದ್ರಕ್ಕೆ ಬಿಟ್ಟುಬಿಡೋಣ!"

ಅಜ್ಜಿ ಚಪ್ಪಾಳೆ ಹೊಡೆದಳು. ಚೂಟಿಯ ಕೈ ಮೇಲೇಳಲಿಲ್ಲ.

"ಡಾಕ್ಟರ್... ಒಂದು ವೇಳೆ ಮುಳುಗಕ್ಕೆ ಬರದೇ ಇದ್ರೆ?"

"ಮೇಲೇ ತೇಲ್ತಾ ಇದ್ರೆ ಊಟ ಸಿಗಲ್ಲ. ಇನ್ನೊಂದು ದೋಣಿ ಬಂದು ಬಡಿಯುತ್ತೆ. ಈ ಸಲ ಉಳಿಯಲ್ಲ." ಡಾಕ್ಟರು ಅವಳ ಟೋಪಿ ಸರಿಮಾಡಿದರು. "ಆದ್ರೆ ನಮ್ಮವನು ಮುಳುಗ್ತಾನಲ್ಲ! ನಿಂಗ್ಯಾಕೆ ಚಿಂತೆ?"

ಚೂಟಿಯ ಬಾಯಲ್ಲಿ ಬಿಸಿ ತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಸುಮ್ಮನೆ ಚಿಪ್ಪಿನೊಳಗೆ ತಲೆ ಎಳೆದುಕೊಂಡುಬಿಡಬೇಕು ಅನ್ನಿಸಿತು. ಆದರೆ ಇಲ್ಲಿಗೆ ಬಂದ ಮೊದಲ ದಿನವೇ ಡಾಕ್ಟರು ಹೇಳಿದ್ದರು: ತಲೆ ಒಳಗೆ ಎಳೆದುಕೊಳ್ಳುವುದೆಲ್ಲ ನೆಲದ ಆಮೆಗಳ ಆಟ. ಕಡಲಾಮೆಗೆ ಅದು ಬರುವುದಿಲ್ಲ. ಏನೇ ಬರಲಿ, ತಲೆ ಹೊರಗೇ ಇಟ್ಟುಕೊಂಡು ಎದುರಿಸಬೇಕು.

"ಅವನು ಮುಳುಗಲ್ಲ" ಎಂದಳು ಚೂಟಿ. "ತಳದಲ್ಲಿ ತಿಂದೇ ಇಲ್ಲ. ನಾನೇ ಮೇಲಿಂದ ಕೊಡ್ತಿದ್ದೆ. ದಿನಾ."

ಅಜ್ಜಿಯ ಮುಖ ಕೆಂಪಾಯಿತು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲಿಲ್ಲ.

ಡಾಕ್ಟರು ಬಕೆಟ್ ಬೋರಲು ಹಾಕಿ ಕುಳಿತರು. "ಸರಿ, ಶನಿವಾರ ಬೇಡ. ಗಾಳಿ ಹೋಗಿದೆ, ಅಭ್ಯಾಸ ಮಾತ್ರ ಹೋಗಿಲ್ಲ. ಸಮುದ್ರದ ನೀರು ತಣ್ಣಗಾದ್ರೆ ಆಮೆ ಮರಗಟ್ಟಿಹೋಗುತ್ತೆ, ಅದಕ್ಕೂ ಮುಂಚೆ ಕಲಿತ್ರೆ ಬಿಡಬಹುದು. ಇಲ್ಲಾಂದ್ರೆ ಅಕ್ವೇರಿಯಂಗೆ ಕಳಿಸ್ಬೇಕು. ಗಾಜಿನ ತೊಟ್ಟಿ, ಜೀವನ ಪೂರ್ತಿ."

"ಇನ್ನು ಮೇಲೆ ಊಟ ನಾನೇ ಹಾಕ್ತೀನಿ, ಡಾಕ್ಟರೇ. ಇವಳು ಬೇಡ" ಎಂದಳು ಅಜ್ಜಿ.

"ಬೇಡ ಅಜ್ಜಿ! ನಾನೇ ಕೆಡಿಸಿದ್ದು, ನಾನೇ ಸರಿ ಮಾಡ್ತೀನಿ. ಕೊಡಲ್ಲ, ಅತ್ತರೂ ಕೊಡಲ್ಲ!"

"ಯಾರು ಅತ್ತರೂ?" ಎಂದರು ಡಾಕ್ಟರು. ಚೂಟಿ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಳು. ಡಾಕ್ಟರು ಅಜ್ಜಿಯ ಕಡೆ ತಿರುಗಿದರು. "ಇವಳೇ ಇರಲಿ. ಈ ಹಳದಿ ಟೋಪಿ ಬಂದ್ರೂ ಮೇಲೆ ಏನೂ ಸಿಗಲ್ಲ ಅಂತ ಅವನಿಗೆ ಗೊತ್ತಾಗ್ಬೇಕು. ನೀವು ಪಕ್ಕದಲ್ಲಿರಿ."

ಹಾಗೆ ಶುರುವಾಯಿತು.

ಚೂಟಿ ಮೀನನ್ನು ತಳಕ್ಕಿಟ್ಟು ಹಿಂದೆ ಸರಿದಳು. ಬೆಂಡು ಟೋಪಿ ನೋಡಿದ, ಬಾಯಿ ತೆರೆದ. ಏನೂ ಬರಲಿಲ್ಲ. "ಫೂ" ಎಂದ. ಈಜುಕಾಲು ಬಡಿದು ಅವಳ ಮುಖಕ್ಕೆಲ್ಲ ನೀರು ಎರಚಿದ. ಚೂಟಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಗಟ್ಟಿಯಾಗಿ ಕುಳಿತಳು. ಬೆಂಡು ಅಂಚಿನುದ್ದಕ್ಕೂ ಮೂಗು ಉಜ್ಜಿಕೊಂಡು ಸುತ್ತಿದ. ಕೊನೆಗೆ ಅಜ್ಜಿ ಬಲೆ ಹಾಕಿ ಮೀನು ತೆಗೆದಳು.

ರಾತ್ರಿ ಚೂಟಿಯ ತಟ್ಟೆ ಹಾಗೇ ಉಳಿಯಿತು.

"ಅವನು ಉಪವಾಸ ಮಾಡಿದ್ರೆ ನೀನ್ಯಾಕೆ ಮಾಡ್ತೀಯ? ನಿನಗೇನು ಚಿಪ್ಪಿದೆಯಾ?" ಎಂದಳು ಅಜ್ಜಿ. "ಆಮೆ ಕೆಲವು ದಿನ ಹಸಿವು ತಡ್ಕೊಳ್ಳುತ್ತೆ. ಡಾಕ್ಟರು ದಿನಾ ತೂಕ ನೋಡ್ತಾರೆ."

"ಅವನು ನನ್ನೇ ನೋಡ್ತಿದ್ದ, ಅಜ್ಜಿ."

ಅಜ್ಜಿ ಹಾಲಿನ ಲೋಟವನ್ನು ಅವಳ ಕಡೆ ತಳ್ಳಿದಳು. "ನೋಡ್ದೆ. ನಿಜ ಹೇಳ್ಲಾ? ಒಂದು ತುಂಡು ಕೊಟ್ಟುಬಿಡೋಣ ಅಂತ ನನ್ನ ಕೈಯೂ ತುರಿಸ್ತಿತ್ತು ಕಣೇ. ಅದಕ್ಕೇ ಸೀಟಿ ಗಟ್ಟಿಯಾಗಿ ಹಿಡ್ಕೊಂಡು ನಿಂತಿದ್ದೆ."

ಚೂಟಿ ಹಾಲು ಕುಡಿದಳು.

ಮರುದಿನ ಬೆಂಡು ಟೋಪಿಯನ್ನು ಕಂಡು ಬಂದ, ಕಾದ, ಮುನಿಸಿಕೊಂಡು ಮೂಲೆಗೆ ಹೋದ. ಆಮೇಲಿನ ದಿನ ಒಮ್ಮೆ ತಲೆ ಕೆಳಗೆ ಮಾಡಿದ. ಅರ್ಧಕ್ಕೇ ಸೋತು ಬಂದ. ಚೂಟಿಯ ಕಣ್ಣಲ್ಲಿ ನೀರು ಬಂದರೂ ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ. ತೆಗೆದರೆ ಅದು ಎಲ್ಲಿ ಇಕ್ಕಳದ ಕಡೆ ಹೋದೀತೋ ಎಂಬ ಭಯ. "ಇನ್ನೊಂದು ಸಲ ಹೋಗೋ" ಎಂದು ಮನಸ್ಸಿನಲ್ಲೇ ಹೇಳಿದಳು. ಬಾಯಿ ಬಿಟ್ಟು ಹೇಳಿದರೆ ಅವನು ಮತ್ತೆ ಮೇಲೆ ಬಂದಾನು.

ಹಾಗೇ ದಿನಗಳು ಹೋದವು. ಡಾಕ್ಟರು ತೂಕ ನೋಡಿ, "ಇನ್ನು ಒಂದೆರಡು ದಿನ. ಆಮೇಲೆ ನಾವೇ ತಿನ್ನಿಸ್ಬೇಕಾಗುತ್ತೆ" ಎಂದು ತಲೆ ಕೆರೆದುಕೊಂಡರು.

ಮಾರನೆಯ ಬೆಳಿಗ್ಗೆ ಬೆಂಡು ಟೋಪಿಯ ಕಡೆ ನೋಡಿದ. ಬಾಯಿ ತೆರೆಯಲಿಲ್ಲ. ದೊಡ್ಡದೊಂದು ಉಸಿರು ಎಳೆದುಕೊಂಡು ತಲೆ ತಿರುಗಿಸಿದ. ಒಂದು ಬಡಿತ, ಎರಡು ಬಡಿತ. ಹಿಂಭಾಗ ಮೇಲಕ್ಕೆದ್ದಿತು. ಚೂಟಿ ಉಸಿರು ಬಿಗಿಹಿಡಿದಳು. ಬೆಂಡು ಮತ್ತೆ ಬಡಿದ, ಇನ್ನೂ ಜೋರಾಗಿ. ಈ ಸಲ ಹಿಂಭಾಗವೂ ಅವನ ಹಿಂದೆಯೇ ಇಳಿಯಿತು. ಹೊಟ್ಟೆ ತಳಕ್ಕೆ ತಾಗಿತು.

ಮೀನು ಮಾಯ!

ಪೀಈಈ!

ಇಡೀ ಆಸ್ಪತ್ರೆ ಬೆಚ್ಚಿಬಿತ್ತು. ಡಾಕ್ಟರು ಒಂದೇ ಬೂಟಿನಲ್ಲಿ ಓಡಿಬಂದರು. ಅಜ್ಜಿ ಸೀಟಿಯನ್ನು ಬಾಯಿಂದ ತೆಗೆದು, ತಪ್ಪು ಮಾಡಿದ ಮಗುವಿನಂತೆ ಬೆನ್ನ ಹಿಂದೆ ಅಡಗಿಸಿಕೊಂಡಳು. ಬೆಂಡುವಿಗೆ ಮಾತ್ರ ಯಾವ ಗಾಬರಿಯೂ ಇಲ್ಲ. ತಳದಲ್ಲೇ ಕೂತು ಇನ್ನೊಂದು ತುಂಡು ಹುಡುಕುತ್ತಿದ್ದ.

ಆಮೇಲೆ ಅವನು ಟೋಪಿಯ ಕಡೆ ನೋಡುವುದನ್ನೇ ಬಿಟ್ಟ. ಚೂಟಿ ಬಂದರೂ ಅಷ್ಟೇ, ಹೋದರೂ ಅಷ್ಟೇ. ಅವಳಿಗೆ ಒಂದು ಚೂರು ಬೇಜಾರಾಯಿತು.

ನೀರು ತಣ್ಣಗಾಗುವ ಮುಂಚೆಯೇ, ರಜೆಯ ಕೊನೆಯ ವಾರದಲ್ಲಿ, ಬೆಂಡುವನ್ನು ದಡಕ್ಕೆ ತಂದರು. ಒದ್ದೆ ಮರಳಿನ ಮೇಲೆ ಇಳಿಸಿದಾಗ ಅವನು ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಸಮುದ್ರದ ಸದ್ದು ಬಂದ ಕಡೆಗೆ ತೆವಳಿದ. ಹಳದಿ ಟೋಪಿಯ ಪಕ್ಕದಿಂದಲೇ ಹೋದ, ತಿರುಗಿ ನೋಡಲಿಲ್ಲ. ಒಂದು ಅಲೆ ಬಂದು ಅವನನ್ನು ಎತ್ತಿಕೊಂಡಿತು.

ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ನೀರನ್ನೆಲ್ಲ ಹುಡುಕಿದಳು. "ತಲೆ ಎತ್ತುತ್ತಾನೇನೋ ನೋಡೇ. ಕೊನೇದಾಗಿ ಒಂದ್ಸಲ ಕಂಡಿದ್ರೆ ಚೆನ್ನಾಗಿತ್ತು."

ಚೂಟಿಯೂ ನೋಡಿದಳು. ಬಿಸಿಲು ಬಿದ್ದು ನೀರು ಹೊಳೆಯುತ್ತಿತ್ತು. ದೂರದಲ್ಲಿ ಒಂದು ದೋಣಿ ಹೋಗುತ್ತಿತ್ತು. ನೀರಿನ ಮೇಲೆ ಎಲ್ಲೂ ಬೆಂಡು ಇರಲಿಲ್ಲ.

"ಕಾಣಿಸ್ತಾನೇ ಇಲ್ವಲ್ಲೇ!" ಎಂದಳು ಅಜ್ಜಿ.

"ಹೂಂ ಅಜ್ಜಿ, ಕಾಣಿಸ್ತಾನೇ ಇಲ್ಲ" ಎಂದಳು ಚೂಟಿ. ಅವಳ ಮುಖ ನಗುವಿನಿಂದ ತುಂಬಿತ್ತು.